ದೀಪದ ಬುಡದ ಕತ್ತಲೆಗೂ ಕಾರಣವಿದೆ

ಮಾನ್ಯ ಸಂಪಾದಕರಿಗೆ ವಂದನೆಗಳು.

ಹತ್ತಾರು ಮದುವೆಗಳನ್ನು ಕೂಡಿಸಿಕೊಟ್ಟು ತಾನು ಮಾತ್ರ ಒಂಟಿಯಾಗಿ ಉಳಿಯುವ ವ್ಯಕ್ತಿಯನ್ನು ನಡುವೆ ಇಟ್ಟುಕೊಂಡ ಪ್ರೇಮಹಾಸ್ಯ ಚಿತ್ರಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಅವುಗಳನ್ನು ಕುರಿತು ಬರೆಯುವವರು ‘ದೀಪದ ಬುಡದಲ್ಲೇ ಕತ್ತಲೆ’ ಎಂಬ ಗಾದೆಯನ್ನು ಹೇಳಿ ಮುಂದೆ ಸಾಗುವುದೂ ನಡೆದೇ ಇದೆ. ನಾನು ವಧೂವರರ ಮಾಹಿತಿ ಕೇಂದ್ರವೊಂದರಲ್ಲಿ 19 ವರ್ಷ ಸಂಬಂಧ ಕೂಡಿಸುವ ಕೆಲಸ ಮಾಡಿದವಳು, ಸ್ವತಃ ಮದುವೆಯಾಗದೆ ಉಳಿದವಳು. ಈ ಬಗೆಯ ಚಿತ್ರ ಬಂದಿದೆ ಎಂದು ತಿಳಿದರೆ ಬಿಡದೆ ನೋಡುತ್ತೇನೆ. ನಗುತ್ತೇನೆ, ಕೆಲವೊಮ್ಮೆ ಕಣ್ಣು ಒದ್ದೆಯಾಗುತ್ತದೆ, ಆದರೆ ಪ್ರತಿ ಸಲವೂ ಒಂದೇ ಕೊರತೆ ಮನಸ್ಸಿನಲ್ಲಿ ಉಳಿಯುತ್ತದೆ. ಅದನ್ನು ವಿವರವಾಗಿ ಬರೆಯಬೇಕೆನಿಸಿದ್ದರಿಂದ ಈ ಪತ್ರ ಉದ್ದವಾಗಿದೆ; ದಯವಿಟ್ಟು ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಹೇಳಬೇಕಾದದ್ದು ಇಷ್ಟು. ಸಂಬಂಧ ಕೂಡಿಸುವವಳಿಗೆ ಪ್ರೇಮ ಒಲಿಯಲಿಲ್ಲ ಎಂದು ಚಿತ್ರ ಹೇಳುವುದಾದರೆ ಏಕೆ ಒಲಿಯಲಿಲ್ಲ ಎಂಬುದನ್ನೂ ಅದು ಹೇಳಬೇಕು, ಮತ್ತು ಆ ಕಾರಣ ಅವಳು ಮಾಡುವ ಕೆಲಸದ ಒಳಗಿನಿಂದಲೇ ಹುಟ್ಟಿಬರಬೇಕು. ಈಗ ನಾವು ನೋಡುವ ಬಹುಪಾಲು ಚಿತ್ರಗಳಲ್ಲಿ ಅವಳ ದುರದೃಷ್ಟವೆಂದರೆ ಬರಿಯ ಎಡವಟ್ಟು. ಅವಳು ಕೈಯಲ್ಲಿದ್ದ ಲೋಟವನ್ನು ಎದುರಿನವನ ಅಂಗಿಯ ಮೇಲೆ ಚೆಲ್ಲುತ್ತಾಳೆ, ಚಪ್ಪಲಿಯ ಹಿಮ್ಮಡಿ ಮುರಿದುಕೊಳ್ಳುತ್ತಾಳೆ, ಗುಟ್ಟಾಗಿ ಆಡಬೇಕಾದ ಮಾತನ್ನು ಮೈಕಿನ ಮುಂದೆ ಆಡಿಬಿಡುತ್ತಾಳೆ. ಇಂಥ ಎಡವಟ್ಟು ಹಲ್ಲಿನ ವೈದ್ಯರಿಗೂ ಆಗಬಹುದು, ಬ್ಯಾಂಕಿನ ಗುಮಾಸ್ತರಿಗೂ ಆಗಬಹುದು. ಹಾಗಿದ್ದ ಮೇಲೆ ಅವಳು ಮದುವೆ ಕೂಡಿಸುವವಳೇ ಏಕಾಗಿರಬೇಕು ಎಂಬ ಪ್ರಶ್ನೆಗೆ ಅಂಥ ಚಿತ್ರದಲ್ಲಿ ಉತ್ತರವಿರುವುದಿಲ್ಲ. ವೃತ್ತಿ ಅಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ನಾಯಕಿಯನ್ನು ಹತ್ತು ಮದುವೆಗಳಲ್ಲಿ ಹತ್ತು ಬಗೆಯ ಉಡುಪಿನಲ್ಲಿ ತೋರಿಸುವುದಕ್ಕೆ ಅನುಕೂಲವಾಗಲಿ ಎಂದು ಇಟ್ಟುಕೊಂಡಂತೆ ಇರುತ್ತದೆ.

ಗಾದೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ದೀಪದ ಬುಡ ಕತ್ತಲಾಗಿರುವುದಕ್ಕೆ ದೀಪದ ಹಣೆಬರಹ ಕಾರಣವಲ್ಲ. ಎಣ್ಣೆಯನ್ನೂ ಬತ್ತಿಯನ್ನೂ ಹೊತ್ತಿರುವ ಹಣತೆಯೇ ಬೆಳಕಿಗೆ ಅಡ್ಡವಾಗುತ್ತದೆ. ಉರಿಯನ್ನು ಹೊತ್ತು ನಿಂತ ವಸ್ತುವಿನ ನೆರಳೇ ಆ ಕತ್ತಲೆ. ನಾನು ಚಿತ್ರಗಳಲ್ಲಿ ಹುಡುಕುವುದು ಆ ನೆರಳನ್ನು.

ಈ ಕೆಲಸ ಮನುಷ್ಯನ ಕಣ್ಣನ್ನು ಹೇಗೆ ಪಳಗಿಸುತ್ತದೆ ಎಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ನಮ್ಮ ಕೇಂದ್ರದಲ್ಲಿ ಪ್ರತಿಯೊಬ್ಬರ ಅರ್ಜಿಗೂ ಒಂದು ಮುಂಬದಿ, ಒಂದು ಹಿಂಬದಿ ಇರುತ್ತಿತ್ತು. ಮುಂಬದಿಯಲ್ಲಿ ವಯಸ್ಸು, ಎತ್ತರ, ಓದು, ವರಮಾನ. ಹಿಂಬದಿಯಲ್ಲಿ ನಾನು ಪೆನ್ಸಿಲಿನಲ್ಲಿ ಬರೆದುಕೊಂಡ ಎರಡು ಸಾಲು. ‘ಮಾತು ಕಡಿಮೆ, ಆದರೆ ಕೇಳಿಸಿಕೊಳ್ಳುತ್ತಾರೆ.’ ‘ಅಣ್ಣ ಉತ್ತರ ಹೇಳುತ್ತಾನೆ, ಇವರಿಗೆ ಬಿಡುವುದಿಲ್ಲ.’ ‘ನಕ್ಕಾಗ ಕೈ ಅಡ್ಡ ಹಿಡಿಯುತ್ತಾರೆ, ಯಾರೋ ಏನೋ ಅಂದಿರಬೇಕು.’ ಸಂಬಂಧಗಳು ಕೂಡುತ್ತಿದ್ದುದು ಹೆಚ್ಚಾಗಿ ಹಿಂಬದಿಯ ಸಾಲುಗಳಿಂದ. ‘ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ’ ಎಂದು ಫೋನಿನಲ್ಲಿ ಹೇಳುವವರ ದನಿಯ ಏರಿಳಿತದಿಂದಲೇ ಅವರು ಒಪ್ಪಿದ್ದಾರೋ ಇಲ್ಲವೋ ಎಂಬುದು ನನಗೆ ಗೊತ್ತಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ನೋಡಿದ ಮೇಲೆ ಎದುರಿಗೆ ಕುಳಿತವರು ನಿಮಗಾಗಿ ಬಂದಿದ್ದಾರೆ ಎಂಬುದು ನಿಮ್ಮ ಕಣ್ಣಿಗೆ ಮರೆತೇಹೋಗುತ್ತದೆ.

ನನಗೆ 34 ವರ್ಷವಾಗಿದ್ದಾಗ ಹಿರಿಯರೊಬ್ಬರು ನನಗೆಂದೇ ಒಂದು ಭೇಟಿಯನ್ನು ಏರ್ಪಡಿಸಿದ್ದರು. ಬಂದವರು ಸೌಮ್ಯ ಸ್ವಭಾವದವರು. ನಕ್ಷೆ ತಯಾರಿಸುವ ಕೆಲಸ ಅವರದು. ನಾನು ಅವರ ದಿನಚರಿಯ ಬಗ್ಗೆ, ತಂದೆಯ ಆರೋಗ್ಯದ ಬಗ್ಗೆ, ಸಿಟ್ಟು ಬಂದಾಗ ಏನು ಮಾಡುತ್ತಾರೆ ಎಂಬುದರ ಬಗ್ಗೆ ಒಂದಾದ ಮೇಲೊಂದು ಕೇಳುತ್ತ ಹೋದೆ, ಅವರು ತಾಳ್ಮೆಯಿಂದ ಉತ್ತರಿಸುತ್ತ ಹೋದರು. ಅರ್ಧ ಗಂಟೆ ಕಳೆದ ಮೇಲೆ ಅವರು ಸ್ವಲ್ಪ ಮುಂದಕ್ಕೆ ಬಾಗಿ, ದನಿಯಲ್ಲಿ ಯಾವ ಕೊಂಕೂ ಇಲ್ಲದೆ ಕೇಳಿದರು: ‘ನೀವು ನನ್ನನ್ನು ಯಾರಿಗಾಗಿ ನೋಡುತ್ತಿದ್ದೀರಿ?’ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಅವರು ನಕ್ಷೆಗಳ ವಿಷಯ ಹೇಳಲು ಶುರುಮಾಡಿದ ಗಳಿಗೆಯಿಂದ ನಮ್ಮ ಕೇಂದ್ರದ ಎರಡನೆಯ ಡ್ರಾಯರಿನಲ್ಲಿದ್ದ ಒಂದು ಅರ್ಜಿ, ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳದು, ನನ್ನ ಕಣ್ಣಮುಂದೆ ಬಂದುನಿಂತಿತ್ತು. ನಾನು ಸುಳ್ಳು ಹೇಳಲಾರದೆ ಅವಳ ವಿಷಯ ಹೇಳಿದೆ. ಮರುವರ್ಷ ಅವರಿಬ್ಬರ ಮದುವೆಯಾಯಿತು. ಅವರು ಈಗಲೂ ಹೊಸವರ್ಷದ ದಿನ ಇಬ್ಬರೂ ಸೇರಿ ನನಗೆ ಫೋನು ಮಾಡುತ್ತಾರೆ, ಮತ್ತು ಆ ಕರೆ ಬಂದಾಗ ನನಗಾಗುವ ಸಂತೋಷದಲ್ಲಿ ಕಲಬೆರಕೆಯಿಲ್ಲ. ಆದರೆ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ಒಂದು ಪ್ರೇಮಹಾಸ್ಯ ಚಿತ್ರಕ್ಕೆ ಬೇಕಾದ ನಗು, ಬೇಕಾದ ನೋವು ಎರಡೂ ಆ ಒಂದು ಪ್ರಶ್ನೆಯಲ್ಲಿದ್ದವು. ಲೋಟ ಚೆಲ್ಲುವ ಅಗತ್ಯವೇ ಇರಲಿಲ್ಲ.

ಹಳೆಯ ಲೇಖಕರಿಗೆ ಈ ಮಾತು ಚೆನ್ನಾಗಿ ಗೊತ್ತಿತ್ತು. 1815ರ ಡಿಸೆಂಬರಿನಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ ‘ಎಮ್ಮಾ’ ಕಾದಂಬರಿಯ ನಾಯಕಿಗೆ ಇನ್ನೂ 21 ತುಂಬಿಲ್ಲ. ತಾನು ಮದುವೆಯಾಗುವುದಿಲ್ಲ ಎಂದು ಹೇಳಿಕೊಂಡು ಉಳಿದವರಿಗೆಲ್ಲ ಜೋಡಿ ಹುಡುಕುವ ಉತ್ಸಾಹ ಅವಳದು. ಗೆಳತಿ ಹ್ಯಾರಿಯೆಟ್‌ಳನ್ನು ಪಾದ್ರಿ ಎಲ್ಟನ್‌ಗೆ ಕೂಡಿಸಬೇಕೆಂದು ಅವಳು ಗೆಳತಿಯ ಚಿತ್ರ ಬರೆಯುತ್ತಾಳೆ. ಎಲ್ಟನ್ ಆ ಚಿತ್ರವನ್ನು ಹಾಡಿಹೊಗಳುತ್ತಾನೆ, ಚೌಕಟ್ಟು ಹಾಕಿಸಲು ತಾನೇ ಲಂಡನ್ನಿಗೆ ಒಯ್ಯುತ್ತಾನೆ. ಚಿತ್ರದಲ್ಲಿರುವವಳನ್ನು ಅವನು ಮೆಚ್ಚಿದ್ದಾನೆ ಎಂದು ಎಮ್ಮಾ ತಿಳಿಯುತ್ತಾಳೆ. ಅವನು ಮೆಚ್ಚಿದ್ದು ಚಿತ್ರ ಬರೆದವಳನ್ನು. ಇದು ತಿಳಿಯುವುದು ಕ್ರಿಸ್‌ಮಸ್ ಹಿಂದಿನ ರಾತ್ರಿ, ಮುಚ್ಚಿದ ಗಾಡಿಯೊಳಗೆ, ಅವನು ಅವಳ ಕೈ ಹಿಡಿದು ತನ್ನ ಪ್ರೇಮವನ್ನು ನಿವೇದಿಸಿದಾಗ. ಚೌಕಟ್ಟಿನ ಹೊರಗೆ ನಿಂತು ನೋಡುವವಳಿಗೆ ತಾನೂ ನೋಡಲ್ಪಡುತ್ತಿದ್ದೇನೆ ಎಂಬ ಅರಿವೇ ಇರುವುದಿಲ್ಲ. ನನ್ನ ವೃತ್ತಿಯ ನಿಜವನ್ನು 200 ವರ್ಷಗಳ ಹಿಂದೆ, ಆ ವೃತ್ತಿಯಲ್ಲಿಲ್ಲದ ಲೇಖಕಿಯೊಬ್ಬರು ಇಷ್ಟು ಸರಿಯಾಗಿ ಹಿಡಿದಿದ್ದಾರೆ ಎಂಬುದು ಪ್ರತಿ ಓದಿನಲ್ಲೂ ನನ್ನನ್ನು ಬೆರಗುಗೊಳಿಸುತ್ತದೆ. ಕೊನೆಗೆ ಮನೆಯವರ ಹಳೆಯ ಗೆಳೆಯ ನೈಟ್ಲಿಯ ಮೇಲೆ ತನಗೆ ಪ್ರೀತಿಯಿದೆ ಎಂಬುದು ಎಮ್ಮಾಳಿಗೆ ಹೊಳೆಯುವುದೂ ಹ್ಯಾರಿಯೆಟ್ ತಾನು ಅವನನ್ನು ಬಯಸಿದ್ದೇನೆ ಎಂದು ಹೇಳಿದ ಮೇಲೆಯೇ; ಅಂದರೆ ತನ್ನ ಮನಸ್ಸನ್ನೂ ಅವಳು ಇನ್ನೊಬ್ಬಳ ಸಂಬಂಧದ ಮೂಲಕವೇ ಓದಬಲ್ಲಳು.

ಇನ್ನೊಂದು ಉದಾಹರಣೆಯಾದ ‘ಹಲೋ, ಡಾಲಿ!’ಯ ಚರಿತ್ರೆಯೇ ಒಂದು ಪಾಠದಂತಿದೆ. 1835ರಲ್ಲಿ ಜಾನ್ ಆಕ್ಸೆನ್‌ಫರ್ಡ್ ಇಂಗ್ಲಿಷಿನಲ್ಲಿ ಬರೆದ ಪುಟ್ಟ ಪ್ರಹಸನವೊಂದನ್ನು ವಿಯೆನ್ನಾದ ಯೋಹಾನ್ ನೆಸ್ಟ್ರಾಯ್ 1842ರಲ್ಲಿ ಪೂರ್ಣ ಪ್ರಮಾಣದ ನಾಟಕವಾಗಿ ಬೆಳೆಸಿದರು. ಅಂಗಡಿಯ ಕೆಲಸಗಾರರು ಯಜಮಾನನ ಕಣ್ಣು ತಪ್ಪಿಸಿ ಒಂದು ದಿನ ಪೇಟೆ ಸುತ್ತುವ ಕಥೆ ಅದು. ಮದುವೆ ಕೂಡಿಸುವ ಡಾಲಿ ಅದರಲ್ಲಿರಲಿಲ್ಲ. 1938ರಲ್ಲಿ ಅಮೆರಿಕದ ಥಾರ್ನ್‌ಟನ್ ವೈಲ್ಡರ್ ಅದನ್ನು ‘ದಿ ಮರ್ಚೆಂಟ್ ಆಫ್ ಯಾಂಕರ್ಸ್’ ಎಂದು ಹೊಸದಾಗಿ ಬರೆಯುವಾಗ ಡಾಲಿ ಲೀವೈ ಎಂಬ ವಿಧವೆಯನ್ನು ಸೇರಿಸಿದರು. ನಾಟಕ ಸೋತಿತು. ಅದನ್ನೇ ತಿದ್ದಿ 1954ರಲ್ಲಿ ‘ದಿ ಮ್ಯಾಚ್‌ಮೇಕರ್’ ಎಂದು ರಂಗಕ್ಕೆ ತಂದಾಗ ಗೆದ್ದಿತು. 1964ರಲ್ಲಿ ಅದು ‘ಹಲೋ, ಡಾಲಿ!’ ಎಂಬ ಸಂಗೀತ ನಾಟಕವಾಯಿತು, 1969ರಲ್ಲಿ ಚಲನಚಿತ್ರವಾಯಿತು. ಗೆಲುವಿಗೆ ಬೇರೆ ಕಾರಣಗಳೂ ಇದ್ದಿರಬಹುದು, ಆದರೆ ಶೀರ್ಷಿಕೆಯಲ್ಲಿ ವರ್ತಕ ಸರಿದು ಮದುವೆ ಕೂಡಿಸುವವಳು ಬಂದದ್ದನ್ನು ನಾನು ಕಾಕತಾಳೀಯವೆಂದು ಭಾವಿಸಲಾರೆ. ಡಾಲಿಯ ಒಂಟಿತನಕ್ಕೆ ಅಲ್ಲಿ ಗಟ್ಟಿಯಾದ ಕಾರಣವಿದೆ. ಗಂಡ ಸತ್ತ ಮೇಲೆ ಅವಳು ಬದುಕಿನಿಂದ ಹಿಂದೆ ಸರಿದಿದ್ದಾಳೆ. ಇತರರ ಮದುವೆಗಳಲ್ಲಿ ಓಡಾಡುವುದು ಅವಳಿಗೆ ಜೀವನೋಪಾಯವೂ ಹೌದು, ತನ್ನ ದುಃಖದಿಂದ ದೂರವಿರುವ ಬಗೆಯೂ ಹೌದು. ತಾನು ಹೆಣ್ಣು ಹುಡುಕಿಕೊಡಬೇಕಾಗಿದ್ದ ವರ್ತಕನನ್ನು ತಾನೇ ಮದುವೆಯಾಗಲು ನಿರ್ಧರಿಸಿದಾಗ ಅವಳು ಮೊದಲು ಮಾಡುವುದು ತೀರಿಕೊಂಡ ಗಂಡನೊಡನೆ ಮನಸ್ಸಿನಲ್ಲೇ ಮಾತಾಡಿ ಅವನ ಒಪ್ಪಿಗೆ ಕೇಳುವುದು. ನಗುನಗುತ್ತ ಸಾಗುವ ಕಥೆಯ ನಡುವೆ ಬರುವ ಆ ಏಕಾಂತದ ಮಾತುಗಳು ಇಲ್ಲದಿದ್ದರೆ ಡಾಲಿ ಬರಿಯ ಚಾಲಾಕಿ ಹೆಂಗಸಾಗಿ ಉಳಿಯುತ್ತಿದ್ದಳು.

ನಮ್ಮ ಸಂಸ್ಕೃತ ನಾಟಕಗಳ ವಿದೂಷಕನನ್ನೂ ಇಲ್ಲಿ ನೆನೆಯಬೇಕು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗೌತಮನು ಹಾವು ಕಚ್ಚಿದೆಯೆಂದು ನಟಿಸಿ, ವಿಷ ಇಳಿಸುವ ನೆಪದಲ್ಲಿ ರಾಣಿಯ ಸರ್ಪಮುದ್ರೆಯ ಉಂಗುರವನ್ನು ಪಡೆದು, ಅದೇ ಉಂಗುರವನ್ನು ತೋರಿಸಿ ಸೆರೆಯಲ್ಲಿದ್ದ ಮಾಲವಿಕೆಯನ್ನು ಬಿಡಿಸಿಕೊಂಡು ರಾಜನ ಬಳಿಗೆ ಕರೆತರುತ್ತಾನೆ. ಇಷ್ಟು ಬುದ್ಧಿವಂತನಾದ ಅವನ ಮನಸ್ಸಿನಲ್ಲಿ ಯಾರಿದ್ದಾರೆ ಎಂದು ನಾಟಕದಲ್ಲಿ ಒಬ್ಬರೂ ಕೇಳುವುದಿಲ್ಲ.

ಗಣಿತದಲ್ಲೂ ಜೋಡಿ ಕೂಡಿಸುವವನಿಗೆ ಜಾಗವಿಲ್ಲ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಇಬ್ಬರು ಗಣಿತಜ್ಞರು ಮದುವೆಯ ಜೋಡಣೆಯನ್ನು ಒಂದು ಲೆಕ್ಕವಾಗಿ ಬಿಡಿಸಿ ತೋರಿಸಿದರು. ಸಮಾನ ಸಂಖ್ಯೆಯ ಗಂಡುಗಳೂ ಹೆಣ್ಣುಗಳೂ ತಮ್ಮ ತಮ್ಮ ಇಷ್ಟದ ಪಟ್ಟಿಯನ್ನು ಕ್ರಮವಾಗಿ ಕೊಟ್ಟರೆ, ತಮ್ಮ ಜೊತೆಗಾರರನ್ನು ಬಿಟ್ಟು ಪರಸ್ಪರ ಕೂಡಿಕೊಳ್ಳಲು ಬಯಸುವ ಯಾವ ಇಬ್ಬರೂ ಉಳಿಯದಂತೆ ಎಲ್ಲರನ್ನೂ ಜೋಡಿಸುವುದು ಯಾವಾಗಲೂ ಸಾಧ್ಯ ಎಂಬುದು ಅವರ ಸಿದ್ಧಾಂತದ ತಿರುಳು. ಆ ಕೆಲಸದ ಮುಂದುವರಿಕೆಗಾಗಿ ಶೇಪ್ಲಿಯವರಿಗೆ, ಆಲ್ವಿನ್ ರಾತ್ ಅವರೊಂದಿಗೆ, 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಎಲ್ಲರಿಗೂ ಜೋಡಿ ಸಿಗುವ ಆ ಲೆಕ್ಕದಲ್ಲಿ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಜೋಡಿಸುತ್ತಿರುವ ವ್ಯಕ್ತಿ ಎಣಿಕೆಗೆ ಸೇರುವುದೇ ಇಲ್ಲ ಎಂಬುದು.

ಇನ್ನು ನನಗೆ ಬಹಳ ನೋವುಂಟುಮಾಡುವ ಒಂದು ವಿಷಯಕ್ಕೆ ಬರುತ್ತೇನೆ. ಈ ಚಿತ್ರಗಳಲ್ಲಿ ನಾಯಕಿಯ ದುರದೃಷ್ಟವನ್ನು ತೋರಿಸಲು ಒಂದು ಸಿದ್ಧ ಸರಣಿ ಇರುತ್ತದೆ: ಒಂದೇ ಮೇಜು, ಒಂದೇ ಕುರ್ಚಿ, ಅದರಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಕೂರುವ ಗಂಡಸರು. ಒಬ್ಬ ತೊದಲುತ್ತಾನೆ, ಒಬ್ಬ ತಾಯಿಯ ವಿಷಯವನ್ನೇ ಮಾತಾಡುತ್ತಾನೆ, ಒಬ್ಬನಿಗೆ ಬೆವರು ನಿಲ್ಲುವುದಿಲ್ಲ, ಒಬ್ಬ ಅಳುತ್ತಾನೆ. ಎರಡು ನಿಮಿಷದಲ್ಲಿ ಎಂಟು ಮಂದಿ ಮುಗಿದುಹೋಗುತ್ತಾರೆ, ಪ್ರೇಕ್ಷಕರು ನಗುತ್ತಾರೆ. ಆ ಎಂಟು ಮಂದಿಯೂ ನನಗೆ ಗೊತ್ತು. ಅವರ ಅರ್ಜಿಗಳ ಹಿಂಬದಿಯಲ್ಲಿ ನಾನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಸಂಬಂಧ ಕೂಡಿಸುವವಳನ್ನು ನಾಯಕಿಯನ್ನಾಗಿ ಮಾಡಿಕೊಂಡ ಚಿತ್ರವೊಂದು, ಜೊತೆಗಾರರಿಲ್ಲದವರ ಮುಜುಗರವನ್ನು ಸರಕು ಮಾಡಿಕೊಂಡು ನಗಿಸುವುದು ತಾನು ಕುಳಿತ ಕೊಂಬೆಯನ್ನೇ ಕಡಿದಂತೆ. ಅವಳೇ ಅವರನ್ನು ನೋಡಿ ನಕ್ಕರೆ ಅವಳ ವೃತ್ತಿಯ ಮೇಲೆ ನಮಗೆ ನಂಬಿಕೆ ಹೇಗೆ ಉಳಿಯುತ್ತದೆ?

ಅವರಲ್ಲೇ ಹಾಸ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಬಹಳ ಸಂಕೋಚದ ಸ್ವಭಾವದ ಯುವಕನೊಬ್ಬ ಒಮ್ಮೆ ಮೊದಲ ಭೇಟಿಗೆ ಚೀಟಿ ಬರೆದುಕೊಂಡು ಬಂದಿದ್ದ. ಪರಿಚಯ ಮಾಡಿಸಿ ಎದ್ದುಹೋಗಬೇಕಾದ ನಾನು ಅವನ ಕೈ ನಡುಗುವುದನ್ನು ನೋಡಿ ಒಂದು ಕ್ಷಣ ನಿಂತೆ. ಚೀಟಿಯಲ್ಲಿ, ಮೊದಲು ನೀರು ಬೇಕೇ ಎಂದು ಕೇಳುವುದು, ಆಮೇಲೆ ಕೆಲಸದ ಬಗ್ಗೆ ಕೇಳುವುದು, ಮೂರನೆಯದಾಗಿ ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳುವುದು, ನಡುವೆ ಬಾಯಿ ಹಾಕದಿರುವುದು ಎಂದು ದುಂಡನೆಯ ಅಕ್ಷರಗಳಲ್ಲಿ ಬರೆದಿತ್ತು. ಎದುರಿಗಿದ್ದ ಹೆಣ್ಣುಮಗಳು ಅದನ್ನು ತಲೆಕೆಳಗಾಗಿಯೇ ಓದಿಕೊಂಡು, ‘ಮೂರನೆಯದಕ್ಕೆ ಈಗಲೇ ಉತ್ತರ ಹೇಳಿಬಿಡಲೇ? ನಾನು ಬಿಡುವಿದ್ದಾಗ ಕೆಟ್ಟುಹೋದ ಗಡಿಯಾರ ಬಿಚ್ಚಿ ರಿಪೇರಿ ಮಾಡುತ್ತೇನೆ’ ಎಂದಳು. ಅವನು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಚೀಟಿಯಲ್ಲಿಲ್ಲದ ಪ್ರಶ್ನೆ ಕೇಳಿದ: ‘ಮತ್ತೆ ಜೋಡಿಸುವಾಗ ಯಾವುದಾದರೂ ತುಣುಕು ಉಳಿದುಬಿಟ್ಟರೆ?’ ಇಬ್ಬರೂ ನಕ್ಕರು. ಒಂದು ಗಂಟೆಯಾದರೂ ಅವರ ಮಾತು ಗಡಿಯಾರಗಳಿಂದ ಆಚೆ ಹೋಗಲಿಲ್ಲ. ಅದೇ ಯುವಕನನ್ನು ಎಂಟು ಮಂದಿಯ ಆ ಸರಣಿಯಲ್ಲಿ ಕೂರಿಸಿದ್ದರೆ ಅವನ ಚೀಟಿ ಮಾತ್ರ ಕಾಣುತ್ತಿತ್ತು, ಎದುರಿಗಿದ್ದವಳ ಉತ್ತರ ಕೇಳಿಸುತ್ತಿರಲಿಲ್ಲ.

ಚಿತ್ರಗಳು ಕಲಿಸಿದ ನಗು ಚಿತ್ರಮಂದಿರದಲ್ಲೇ ಉಳಿಯುವುದಿಲ್ಲ. ನನ್ನ ಕೈಗುಣ ಒಳ್ಳೆಯದೆಂದು ಯಾರಿಂದಲೋ ಕೇಳಿ ಒಬ್ಬ ತಾಯಿ ಮಗಳ ಫೋಟೊ ಹಿಡಿದುಕೊಂಡು ಬಂದಿದ್ದರು. ಎಲ್ಲ ವಿವರ ಬರೆಸಿದ ಮೇಲೆ ಎದ್ದುಹೋಗುವ ಮುನ್ನ ಸೌಜನ್ಯಕ್ಕೆಂದು, ‘ನಿಮ್ಮ ಯಜಮಾನರು ಏನು ಮಾಡುತ್ತಾರೆ?’ ಎಂದು ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜಿನ ಮೇಲಿದ್ದ ಫೋಟೊವನ್ನು ಎರಡು ಬೆರಳಿನಿಂದ ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡು, ‘ತಪ್ಪು ತಿಳಿಯಬೇಡಿ ಮೇಡಂ’ ಎಂದರು. ಹೆರಿಗೆ ಮಾಡಿಸುವ ವೈದ್ಯರನ್ನು ನಿಮಗೆಷ್ಟು ಮಕ್ಕಳು ಎಂದು ಕೇಳಿ ಯಾರೂ ಆಸ್ಪತ್ರೆಯಿಂದ ಎದ್ದುಹೋಗುವುದಿಲ್ಲ. ಆದರೆ ಸಂಬಂಧ ಕೂಡಿಸುವವಳು ಒಂಟಿಯಾಗಿದ್ದರೆ ಅದು ಅವಳ ವಿದ್ಯೆಯ ಸೋಲೆಂದು ಜನ ನಂಬುತ್ತಾರೆ, ಮತ್ತು ‘ನಿನಗೇ ಗತಿಯಿಲ್ಲ, ಇನ್ನೊಬ್ಬರಿಗೆ ಏನು ಹುಡುಕುತ್ತೀಯ’ ಎಂದು ನಾಯಕಿಯ ಗೆಳತಿಯ ಬಾಯಿಂದ ಆಡಿಸಿ ಚಪ್ಪಾಳೆ ಗಿಟ್ಟಿಸುವ ಸಂಭಾಷಣೆಗಳು ಆ ನಂಬಿಕೆಗೆ ನೀರೆರೆಯುತ್ತವೆ. ಸಂಬಂಧ ನೋಡುವುದೆಂದರೆ ಇಬ್ಬರ ನಡುವೆ ಏನು ಹೊಂದುತ್ತದೆ ಎಂದು ಹೊರಗೆ ನಿಂತು ಕಾಣುವುದು. ಆ ಇಬ್ಬರಲ್ಲಿ ಒಬ್ಬಳು ನೀವೇ ಆಗಿದ್ದಾಗ ಹೊರಗೆ ನಿಲ್ಲಲು ಜಾಗವೇ ಇರುವುದಿಲ್ಲ. ಇಷ್ಟನ್ನು ಯಾವುದಾದರೂ ಪಾತ್ರದ ಬಾಯಲ್ಲಿ ಒಮ್ಮೆ ಹೇಳಿಸಿದರೆ ಆ ತಾಯಿಯಂಥವರಿಗೆ ನಾನು ಹೇಳಲಾಗದೆ ಹೋದದ್ದನ್ನು ಚಿತ್ರ ಹೇಳಿದಂತಾಗುತ್ತದೆ.

ಈಚಿನ ಚಿತ್ರಗಳಲ್ಲಿ ಈ ದಾರಿಯಲ್ಲಿ ಸ್ವಲ್ಪ ದೂರವಾದರೂ ನಡೆದದ್ದು 2025ರ ‘ಮೆಟೀರಿಯಲಿಸ್ಟ್ಸ್’. ಅದನ್ನು ಬರೆದು ನಿರ್ದೇಶಿಸಿದ ಸೆಲಿನ್ ಸಾಂಗ್ ಹಿಂದೆ ನ್ಯೂಯಾರ್ಕಿನಲ್ಲಿ ಕೆಲವು ತಿಂಗಳು ಇದೇ ಕೆಲಸ ಮಾಡಿದ್ದವರು, ಅದು ಚಿತ್ರದಲ್ಲಿ ಕಾಣುತ್ತದೆ. ಎತ್ತರ ಇಷ್ಟು, ವರಮಾನ ಇಷ್ಟು, ವಯಸ್ಸು ಇಷ್ಟರ ಒಳಗೆ ಎಂದು ಗ್ರಾಹಕರು ಬೇಡಿಕೆಗಳನ್ನು ಪೇರಿಸುವ ದೃಶ್ಯಗಳಲ್ಲಿ ನಾನು ನಮ್ಮ ಅರ್ಜಿಗಳ ಮುಂಬದಿಯನ್ನೇ ಕಂಡೆ. ತಾನು ಏರ್ಪಡಿಸಿದ ಭೇಟಿಯೊಂದರಲ್ಲಿ ಗ್ರಾಹಕಿಯ ಮೇಲೆ ದೌರ್ಜನ್ಯ ನಡೆದಾಗ ನಾಯಕಿಗೆ ತನ್ನ ಲೆಕ್ಕಾಚಾರದ ಮೇಲಿದ್ದ ನಂಬಿಕೆಯೇ ಕುಸಿಯುತ್ತದೆ. ಇಲ್ಲಿ ಅವಳ ಕಷ್ಟ ವೃತ್ತಿಯ ಒಳಗಿನಿಂದ ಬಂದಿದೆ, ಅದಕ್ಕಾಗಿ ನಾನು ಆ ಚಿತ್ರವನ್ನು ಗೌರವಿಸುತ್ತೇನೆ. ಆದರೂ ಎಲ್ಲರ ಅರ್ಜಿಗಳನ್ನು ಓದಿ ಓದಿ ಬಂದ ಆ ಕಣ್ಣು ಕೊನೆಯಲ್ಲಿ ಹಳೆಯ ಪ್ರಿಯಕರನ ಕಡೆಗೆ ತಿರುಗುವಾಗ ಹೇಗೆ ಬದಲಾಯಿತು ಎಂಬುದನ್ನು ಇನ್ನಷ್ಟು ನಿಧಾನವಾಗಿ ತೋರಿಸಬೇಕಿತ್ತು ಎಂದು ನನಗೆ ಅನ್ನಿಸಿತು.

ಆ ಕಣ್ಣು ಬದಲಾಗುವುದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿರುವ ಕಥೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿದೆ. ಮಹಾಭಾರತದ ವನಪರ್ವದಲ್ಲಿ ಬೃಹದಶ್ವ ಮುನಿ ಧರ್ಮರಾಜನಿಗೆ ಹೇಳುವ, ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯಾಗಿ ಹೇಳಿದ ಕಥೆ ಅದು. ದಮಯಂತಿಯಲ್ಲಿ ಮನಸ್ಸಿಟ್ಟ ನಳನು ಸ್ವಯಂವರಕ್ಕೆ ಹೊರಟಿದ್ದಾಗ ಇಂದ್ರ, ಅಗ್ನಿ, ವರುಣ, ಯಮರು ಎದುರಾಗಿ ತಮಗೊಂದು ಸಹಾಯವಾಗಬೇಕೆಂದು ಕೇಳುತ್ತಾರೆ. ಅವನು ಏನೆಂದು ಕೇಳುವ ಮೊದಲೇ ಮಾತು ಕೊಡುತ್ತಾನೆ. ಆ ಸಹಾಯವೆಂದರೆ, ದಮಯಂತಿಯ ಬಳಿಗೆ ಹೋಗಿ, ನಮ್ಮ ನಾಲ್ವರಲ್ಲಿ ಒಬ್ಬರನ್ನು ವರಿಸು ಎಂದು ಅವಳಿಗೆ ಹೇಳುವುದು. ತಾನು ಪ್ರೀತಿಸಿದವಳ ಮುಂದೆ ನಿಂತು ಇನ್ನೊಬ್ಬರ ಪರವಾಗಿ ಸಂಬಂಧ ಕೇಳುವುದಕ್ಕಿಂತ ದೊಡ್ಡ ದುರದೃಷ್ಟ ಮದುವೆ ಕೂಡಿಸುವವನಿಗೆ ಇನ್ನೇನು ಬರಬೇಕು? ನಳ ಆ ಮಾತನ್ನು ತಗ್ಗಿಸದೆ, ತಿರುಚದೆ ಹೇಳುತ್ತಾನೆ. ಸ್ವಯಂವರದ ದಿನ ದೇವತೆಗಳೂ ನಳನ ರೂಪವನ್ನೇ ತಾಳಿ ಕುಳಿತಾಗ ಐವರು ನಳರಲ್ಲಿ ನಿಜವಾದವನನ್ನು ದಮಯಂತಿ ಹೇಗೆ ಗುರುತಿಸಿದಳು ಎಂಬುದನ್ನು ವ್ಯಾಸರು ಒಂದೊಂದಾಗಿ ಹೇಳುತ್ತಾರೆ. ದೇವತೆಗಳು ಬೆವರಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಅವರ ಹೂಮಾಲೆ ಬಾಡಲಿಲ್ಲ, ಕಾಲು ನೆಲಕ್ಕೆ ತಾಗಲಿಲ್ಲ. ನಳನಿಗೆ ನೆರಳಿತ್ತು, ಮಾಲೆ ಬಾಡಿತ್ತು, ಮೈಯಲ್ಲಿ ಧೂಳೂ ಬೆವರೂ ಇದ್ದವು. ಅವಳು ಅವನನ್ನು ವರಿಸಿದ್ದು ಆ ಗುರುತುಗಳನ್ನು ಕಂಡು.

ನಾನು ಚಿತ್ರಕಥೆ ಬರೆಯುವವರಲ್ಲಿ ಕೇಳಿಕೊಳ್ಳುವುದು ಇದನ್ನೇ. ನಿಮ್ಮ ನಾಯಕಿಗೆ ಕೊನೆಯಲ್ಲಿ ಒಬ್ಬರನ್ನು ಕೊಡುವುದಾದರೆ ಕೊಡಿ, ನನ್ನ ಅಭ್ಯಂತರವಿಲ್ಲ. ಆದರೆ ಬಂದವನು ಅವಳನ್ನು ಗುರುತಿಸಲಿ. ಬೆರಳಿಗೆ ಹತ್ತಿದ ಪೆನ್ಸಿಲಿನ ಕಪ್ಪನ್ನು, ಮಾತಿನ ಮಧ್ಯೆ ಫೋನು ಬಂದರೆ ಎದ್ದುಹೋಗಲೇಬೇಕಾದ ಅವಳ ಸಂಜೆಗಳನ್ನು, ಎದುರಿಗಿದ್ದವರನ್ನು ತನಗರಿಯದೆಯೇ ಅಳೆಯುವ ಆ ನೋಟವನ್ನು ಅವನು ಕಾಣಲಿ, ಕಂಡ ಮೇಲೂ ಅಲ್ಲಿಯೇ ಕುಳಿತಿರಲಿ. ಅವಳು ಆ ಕೆಲಸ ಬಿಟ್ಟ ಮೇಲೆ ಮಾತ್ರ ಅವಳಿಗೆ ಪ್ರೇಮ ದಕ್ಕುತ್ತದೆ ಎಂದು ದಯವಿಟ್ಟು ತೋರಿಸಬೇಡಿ. ಕೊಡದಿದ್ದರೂ ಚಿತ್ರ ಹಾಸ್ಯವಾಗಿಯೇ ಉಳಿಯಬಲ್ಲದು. ಕೊನೆಯ ದೃಶ್ಯದಲ್ಲಿ ಕೈ ಹಿಡಿಯಲು ಯಾರೂ ಇಲ್ಲದಿದ್ದರೆ ಕಥೆ ದುಃಖಾಂತವಾಗುತ್ತದೆ ಎಂಬ ಭಯ ನಿರ್ಮಾಪಕರಿಗೆ ಇರುವುದು ಸಹಜವೇ, ಆದರೆ ಆ ಭಯವನ್ನು ಗೆದ್ದ ನಾಟಕವೊಂದು ನಾನೂರಕ್ಕೂ ಹೆಚ್ಚು ವರ್ಷಗಳಿಂದ ರಂಗದ ಮೇಲಿದೆ.

1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ನಲ್ಲಿ ಡಾನ್ ಪೆದ್ರೋ ಎಂಬ ರಾಜಕುಮಾರನಿದ್ದಾನೆ. ಮುಖವಾಡದ ನೃತ್ಯದಲ್ಲಿ ಅವನು ಗೆಳೆಯ ಕ್ಲಾಡಿಯೋಗಾಗಿ ಹೀರೋ ಎಂಬ ಕನ್ಯೆಯ ಮನಸ್ಸನ್ನು ಕೇಳಿ ಪಡೆಯುತ್ತಾನೆ. ಅದೇ ದೃಶ್ಯದಲ್ಲಿ, ಅರ್ಧ ತಮಾಷೆಯ ದನಿಯಲ್ಲಿ, ನನ್ನನ್ನು ಒಪ್ಪುವೆಯಾ ಎಂದು ಹೀರೋಳ ಸೋದರಸಂಬಂಧಿ ಬಿಯಾಟ್ರಿಸ್‌ಳನ್ನು ಕೇಳುತ್ತಾನೆ. ಅವಳು, ನಿಮ್ಮಂಥ ಬೆಲೆಬಾಳುವವರನ್ನು ದಿನವೂ ಉಡಲಾಗುವುದಿಲ್ಲ, ವಾರದ ದಿನಗಳಿಗೆ ಇನ್ನೊಬ್ಬರು ಬೇಕಾಗುತ್ತಾರೆ ಎಂಬ ಅರ್ಥದ ಮಾತಾಡಿ ನಯವಾಗಿ ತಪ್ಪಿಸಿಕೊಳ್ಳುತ್ತಾಳೆ. ಅವಳು ಆಚೆ ಹೋದ ಮೇಲೆ, ಆ ದೃಶ್ಯ ಮುಗಿಯುವುದರೊಳಗೆ, ಅವಳನ್ನು ತನ್ನ ಇನ್ನೊಬ್ಬ ಗೆಳೆಯ ಬೆನೆಡಿಕ್‌ಗೆ ಕೂಡಿಸುವ ಹಂಚಿಕೆಯನ್ನು ಹೂಡುವವನು ಡಾನ್ ಪೆದ್ರೋನೇ. ಅವನಿಗೆ ನೋವಾಯಿತೇ ಇಲ್ಲವೇ ಎಂದು ಕವಿ ಒಂದು ಮಾತನ್ನೂ ಹೇಳಿಸುವುದಿಲ್ಲ. ಕೆಲಸ ಹೂಡುವ ಆ ಆತುರದಲ್ಲೇ ಎಲ್ಲವೂ ಇದೆ. ನಾಟಕದ ಕೊನೆಯಲ್ಲಿ ಎರಡು ಜೋಡಿಗಳು ಕುಣಿತಕ್ಕೆ ಸಿದ್ಧವಾಗುತ್ತವೆ, ವಾದ್ಯದವರಿಗೆ ಕರೆ ಹೋಗುತ್ತದೆ. ಆಗ ಬೆನೆಡಿಕ್ ರಾಜಕುಮಾರನ ಕಡೆಗೆ ತಿರುಗಿ, ನೀನು ಮಂಕಾಗಿದ್ದೀಯೆ, ನೀನೂ ಒಬ್ಬ ಹೆಂಡತಿಯನ್ನು ಹುಡುಕಿಕೋ ಎನ್ನುತ್ತಾನೆ. ಡಾನ್ ಪೆದ್ರೋ ಉತ್ತರ ಕೊಡುವುದಿಲ್ಲ. ಅವನಿಗೆ ಅಲ್ಲಿ ಮಾತನ್ನೇ ಬರೆದಿಲ್ಲ.

ಆ ಉತ್ತರ ಏನಿರಬಹುದೆಂದು ನಾನು ಬಹಳ ವರ್ಷಗಳಿಂದ ಯೋಚಿಸುತ್ತಿದ್ದೇನೆ. ಈ ಬಗೆಯ ಮುಂದಿನ ಚಿತ್ರವನ್ನು ಬರೆಯುವವರು ಅದನ್ನು ಬರೆದರೆ, ಮೊದಲ ದಿನದ ಮೊದಲ ಪ್ರದರ್ಶನಕ್ಕೇ ಹೋಗಿ ಕೇಳುತ್ತೇನೆ.

ಇತಿ ವಿಶ್ವಾಸಿ,
ಪತ್ರಿಕೆಯ ಓದುಗಳೊಬ್ಬಳು